ನಡುಗೋಡೆಯ ಲಾಟೀನು

ಮೊಳಕಾಲ್ಮೂರು, ಕಾರ್ತಿಕ ಬಹುಳ ಪಂಚಮಿ, ೧೯೧೧

ಇವತ್ತು ಆ ಕಡೆ ಮಗ್ಗದ ಸದ್ದೇ ಇಲ್ಲ.

ಮನೆ ಪಾಲಾದಾಗ ನಡುಗೋಡೆಯಲ್ಲಿ ಒಂದು ಕಿಂಡಿ ಬಿಟ್ಟುಕೊಂಡಿದ್ದೆವು. ಅದರಲ್ಲಿಟ್ಟ ನನ್ನ ಲಾಟೀನಿನ ಬೆಳಕಲ್ಲೇ ಈ ಕಡೆ ನಾನು, ಆ ಕಡೆ ಅಣ್ಣ ಗಾದ್ರಪ್ಪ ಸೀರೆ ನೇಯುತ್ತಿದ್ದೆವು. ಸೀಮೆಎಣ್ಣೆ ಖರ್ಚು ಅರ್ಧ ಅರ್ಧ. ಎಣ್ಣೆ ತುಟ್ಟಿಯಾಯಿತು ನೋಡು, ನನ್ನ ತಲೆ ಓಡತೊಡಗಿತು. ಈ ಕಡೆ ನಾನೊಬ್ಬ. ಆ ಕಡೆ ಅಣ್ಣ, ಅತ್ತಿಗೆ, ಅವ್ವ. ನಿನ್ನೆ ಹೇಳಿಯೇಬಿಟ್ಟೆ, "ಬೆಳಕು ನಿಮ್ ಕಡೀಗೇ ಜಾಸ್ತಿ ಹೋಗ್ತೈತೆ. ಮೂರು ಪಾಲು ನೀವು ಹಾಕ್ರಿ, ಅಣ್ಣ."

ಅಣ್ಣ ಇವತ್ತು ಬೆಳಿಗ್ಗೆ ಎದ್ದವನೇ ಮಣ್ಣು ಕಲಸಿ ಕಿಂಡಿ ಮುಚ್ಚಿದ.

ಇವತ್ತು ನನ್ನೊಬ್ಬನಿಗೇ ದೀಪ ಉರಿಯಿತು. ಈಗ ಅಲ್ಲಾಡಿಸಿ ನೋಡಿದರೆ ಎಣ್ಣೆ ದಿನಾ ಇಳಿಯುವಷ್ಟೇ ಇಳಿದಿದೆ. ಎಣ್ಣೆ ಕುಡಿಯುವುದು ಬತ್ತಿ. ಬೆಳಕಲ್ಲಿ ಒಬ್ಬ ಕೂತರೇನು, ನಾಲ್ಕು ಜನ ಕೂತರೇನು ಅದಕ್ಕೆ? ಇಷ್ಟೂ ಹೊಳೆಯಲಿಲ್ಲವಲ್ಲ ಈ ಮಂಕುತಲೆಗೆ! ಈಗ ಪೂರ್ತಿ ಖರ್ಚು ನನ್ನದೇ. ಹೋಗಲಿ, ಖರ್ಚು ಹಾಳಾಗಲಿ.

ಸಂಜೆ ಗೋಡೆಯಾಚೆ ಕಣ್ಣು ಮಂಜಾದ ಅವ್ವ ಕೇಳಿದಳು, "ಕತ್ತಲಾಗೈತೆ, ದೀಪ ಯಾಕೋ ಹಚ್ಚಿಲ್ಲ ಗಾದ್ರ?"

"ಉಗ್ರ ಎಣ್ಣೆ ತರಾಕೆ ಹೋಗ್ಯಾನೆ ಅವ್ವ. ಬರ್ತಾನೆ ಇರು," ಅಂದ ಅಣ್ಣ.

ಆ ಉಗ್ರ, ಅಂದರೆ ನಾನು, ಈ ಕಡೆ ಉರಿಯುವ ದೀಪದ ಮುಂದೆ ಲಾಳಿ ಹಿಡಿದು ಕೂತಿದ್ದೆ.

ಈಗಷ್ಟೇ ಕಿಂಡಿಯ ಮಣ್ಣು ಮುಟ್ಟಿ ನೋಡಿದೆ. ಇನ್ನೂ ಹಸಿ ಇದೆ, ಬೆರಳು ಒಳಗೆ ಹೋಗುತ್ತೆ. ಬೆಳಗಾಗುವುದರೊಳಗೆ ಇದನ್ನು ಕಿತ್ತು ಲಾಟೀನು ಮತ್ತೆ ಕಿಂಡಿಯಲ್ಲಿಡಬೇಕು.