ಬೀಗ ಎಳೆದು ನೋಡುವವಳು

ಮನೆಯೊಡತಿ ಅಮ್ಮನವರಿಗೆ ನಮಸ್ಕಾರ.

ನಿನ್ನೆ ಮೆಟ್ಟಿಲ ಹತ್ತಿರ ನೀವು, “ತಲೆ ಸರಿ ಇಲ್ಲದೋರಿಗೆ ಮನೆ ಕೊಡೋಕಾಗಲ್ಲ, ತಿಂಗಳ ಕೊನೆಗೆ ಖಾಲಿ ಮಾಡಮ್ಮ” ಅಂದಿರಿ. ನಾನು ಮೆಟ್ಟಿಲು ಹತ್ತಿ ಬಂದುಬಿಟ್ಟೆ. ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ.

ಬೀಗದ ಸದ್ದಿನಿಂದ ನಿಮಗೆ ಕಿರಿಕಿರಿಯಾಗಿದ್ದು ನಿಜ. ದಿನಾ ಕೆಲಸಕ್ಕೆ ಹೊರಡುವಾಗ ಹನ್ನೊಂದು ಸಲ ಎಳೆದು ನೋಡುತ್ತೇನೆ. ಅರ್ಧ ದಾರಿಯಿಂದ ವಾಪಸ್ ಬಂದು ಮತ್ತೆ ಎಳೆಯುತ್ತೇನೆ. ಮುದ್ರಣಾಲಯದಲ್ಲಿ ಕರಡು ತಿದ್ದುವಾಗ ಮತ್ತೆ ಮತ್ತೆ ನೋಡುವ ಇದೇ ಗುಣಕ್ಕೆ ನನ್ನನ್ನು ಹೊಗಳುತ್ತಿದ್ದರು. ಈಗ ತಡವಾಗಿ ಹೋಗಿ ಹೋಗಿ ಆ ಕೆಲಸವೇ ಅಲುಗಾಡುತ್ತಿದೆ.

ಕೊನೆಗೆ ಮನೋವೈದ್ಯರ ಬಳಿ ಹೋಗಿ, “ನನಗೆ ಹುಚ್ಚಾ ಡಾಕ್ಟ್ರೇ?” ಎಂದು ಕೇಳಿಯೇಬಿಟ್ಟೆ.

“ಬೀಗ ಎಲ್ರೂ ಎಳೆದು ನೋಡ್ತಾರೆ. ಜನಕ್ಕೆ ವಿಚಿತ್ರ ಅನ್ನಿಸಿದ ಮಾತ್ರಕ್ಕೆ ಅದು ಕಾಯಿಲೆ ಅಲ್ಲ. ನಿಲ್ಲಿಸೋಕಾಗದೆ ನೀವು ನರಳ್ತಿದ್ದೀರಿ, ಕೆಲಸ ಕೆಡ್ತಿದೆ. ಅದಕ್ಕೆ ಕಾಯಿಲೆ ಅಂತೀವಿ. ಚಿಕಿತ್ಸೆ ಇದೆ” ಎಂದರು.

ಒಂದೇ ಸಲ ಬೀಗ ಹಾಕಿ, ಹಿಂತಿರುಗದೆ ನಡೆಯಬೇಕಂತೆ. “ಶುರುವಿಗೆ ಮನೆಯವರು ಯಾರಾದ್ರೂ ಜೊತೆಗಿರಲಿ” ಎಂದಾಗ ತಲೆಯಾಡಿಸಿ ಬಂದೆ. ಯಾರೂ ಇಲ್ಲವೆಂದು ಹೇಳಲು ನಾಚಿಕೆಯಾಯಿತು.

ಖಾಲಿ ಮಾಡಲೇಬೇಕೆಂದರೆ ಮಾಡುತ್ತೇನೆ. ಅಲ್ಲಿಯವರೆಗೆ, ನೀವು ಬೆಳಿಗ್ಗೆ ಹಾಲು ತರಲು ಹೊರಟಾಗ ಬೀದಿಯ ತಿರುವಿನವರೆಗೆ ನನ್ನ ಜೊತೆ ನಡೆಯುತ್ತೀರಾ? ಮಾತಾಡಬೇಕೆಂದೇನೂ ಇಲ್ಲ.

ಇಂತಿ,
ನಿಮ್ಮ ಮಹಡಿ ಮನೆಯವಳು