ಬೆಳ್ಳಕ್ಕಿ ಹೆಂಗಸಾಗಿಯೇ ಹಾರುತ್ತಾಳೆ

ತೀರ್ಥಹಳ್ಳಿ

ಮಾನ್ಯ ಗೌರೀಶ ಅವರಿಗೆ, ನಮಸ್ಕಾರ.

ಅಪ್ಪ ಬರೆದ ಕಾಮಿಕ್ಸ್‌ನ ನಾಯಕಿ ‘ಬೆಳ್ಳಕ್ಕಿ’ಯನ್ನು ಕೊನೆಗೂ ಸಿನಿಮಾ ಮಾಡುತ್ತೇನೆಂದು ನೀವು ಫೋನ್ ಮಾಡಿದ್ದು ಸಂತೋಷ. ಆದರೆ ನೀವು ಕೇಳಿದಂತೆ ಅವಳನ್ನು ಗಂಡಸಾಗಿಸಲು ನಾನು ಒಪ್ಪುವುದಿಲ್ಲ.

ಹಾರುವ ವೀರರ ಸಿನಿಮಾಗಳು ಊರಿನ ಟಾಕೀಸಿಗೆ ಆಗಷ್ಟೇ ಬರತೊಡಗಿದ್ದಾಗ, ನೀವು ನಮ್ಮ ಮನೆಗೆ ಬಂದು ಇದನ್ನೇ ಕೇಳಿದ್ದಿರಿ. “ಹೆಂಗಸು ಆಕಾಶದಲ್ಲಿ ಹಾರಿದ್ರೆ ಯಾರು ನೋಡ್ತಾರೆ, ಯೋಗರಾಜ್?” ಅಪ್ಪ ನನ್ನನ್ನೂ ಅಮ್ಮನನ್ನೂ ತೋರಿಸಿ, “ಇಲ್ಲೇ ಇಬ್ರಿದಾರಲ್ಲ” ಎಂದರು. ಸಿನಿಮಾ ಅಲ್ಲಿಗೇ ನಿಂತಿತು. ಹೋದ ವರ್ಷ ತೀರಿಕೊಳ್ಳುವವರೆಗೂ ಅಪ್ಪ ಅದರ ಮಾತೆತ್ತಲಿಲ್ಲ.

ಈಗ ನಾವೇ ಅದನ್ನು ಮಾಡುತ್ತಿದ್ದೇವೆ. ನನ್ನ ವಿದ್ಯಾರ್ಥಿಗಳ ಬಳಿ ಕ್ಯಾಮೆರಾ ಇದೆ; ಇಲ್ಲೇ ಹತ್ತಿರದ ನಗರ ಎಂಬ ಊರಿನ ಹಳೇ ಕೋಟೆಯಲ್ಲಿ ಚಿತ್ರೀಕರಿಸಲು ಅನುಮತಿಯೂ ಸಿಕ್ಕಿದೆ. ಅಪ್ಪ ಬೆಳ್ಳಕ್ಕಿಗೆ ಕೊಟ್ಟದ್ದು ಅಮ್ಮನ ಮುಖವನ್ನೇ. ಹಾಗಾಗಿ ಪಾತ್ರಕ್ಕೆ ಅಮ್ಮನನ್ನೇ ಕೇಳಿದೆ. “ಅರವತ್ತೆಂಟಾಯ್ತು, ಮಂಡಿ ನೋಯ್ತದೆ” ಎಂದಳು. ಆಮೇಲೆ ತಾನೇ, “ಹಗ್ಗ ಗಟ್ಟಿ ಇದ್ರೆ ಹಾರ್ತೀನಿ” ಎಂದಳು.

ಅಂದು ನೀವು ಕೊಂಡೊಯ್ದ ಅಪ್ಪನ ಮೂಲ ಚಿತ್ರಗಳು ನಿಮ್ಮಲ್ಲೇ ಉಳಿದಿವೆ. ದಯವಿಟ್ಟು ಈ ವಾರವೇ ಬಸ್ಸಿನಲ್ಲಿ ಕಳುಹಿಸಿ. ಬೆಳ್ಳಕ್ಕಿಯ ಮೇಲಂಗಿಯ ರೆಕ್ಕೆಗಳನ್ನು ಅವರು ಬರೆದಂತೆಯೇ ಹೊಲಿಯಬೇಕು. ಅಮ್ಮ ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕಿಕೊಂಡು ಕಾಯುತ್ತಿದ್ದಾಳೆ.

ಇಂತಿ,
ಯೋಗರಾಜರ ಮಗಳು
ತನುಜಾ