ಬೆಂಕಿ ಕಾಣದ ಮಾಣಿಕ್ಯ

ಛತ್ರಪತಿ ಸಂಭಾಜಿನಗರ
೧೨ ಫೆಬ್ರವರಿ ೨೦೨೫

ಪ್ರೀತಿಯ ಅತ್ತಿಯವರಿಗೆ ಭಾಗ್ಯಶ್ರೀಯ ಶರಣು ಶರಣಾರ್ಥಿ.

ಹೇಗಿದ್ದೀರಿ? ಬಿಪಿ ಗುಳಿಗೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತೀರೋ, ಪೂಜೆಯ ಗಡಿಬಿಡಿಯಲ್ಲಿ ಮರೆಯುತ್ತೀರೋ? ವಿಚ್ಛೇದನದ ಕೋರ್ಟಿನ ಕಾಗದಕ್ಕೆ ವಿನಯನೂ ನಾನೂ ಸಹಿ ಹಾಕಿ ಒಂದೂವರೆ ವರ್ಷವಾಯಿತು. ಈಗಲೂ ನಿಮ್ಮನ್ನು ಅತ್ತಿ ಎನ್ನಬಹುದೋ ಇಲ್ಲವೋ ಗೊತ್ತಿಲ್ಲ. ಫೋನು ಮಾಡೋಣವೆಂದರೆ ವಿನಯ ಎತ್ತಿಯಾನೆಂಬ ಅಂಜಿಕೆ. ಕಾಗದಕ್ಕೆ ಆ ಭಯವಿಲ್ಲ. ಮರಾಠಿ ಶಾಲೆಯಲ್ಲಿ ಕಲಿತ ನಿಮ್ಮ ಮಕ್ಕಳಿಬ್ಬರಿಗೂ ಕನ್ನಡ ಅಕ್ಷರ ಬರುವುದಿಲ್ಲ, ಮಾವನವರು ಕನ್ನಡಕ ಹುಡುಕುವಷ್ಟರಲ್ಲಿ ನೀವು ಓದಿ ಮುಗಿಸಿರುತ್ತೀರಿ.

ನಾನು ಆರಾಮ ಇದ್ದೇನೆ. ವಾಳೂಜದ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ, ದಿನವಿಡೀ ಸಣ್ಣ ಸಣ್ಣ ಬೇರಿಂಗುಗಳನ್ನು ಭೂತಗನ್ನಡಿಯ ಕೆಳಗಿಟ್ಟು ನೋಡುವುದು. ಕೆಲಸಕ್ಕೇನೂ ಕೊರತೆಯಿಲ್ಲ. ಆದರೆ ಮುಂಜಾನೆ ಏಳೂವರೆಗೆ ಮನಸ್ಸು ನಾಸಿಕಕ್ಕೆ ಓಡುತ್ತದೆ. ಗಂಡಸರು ಸಾತಪುರದ ಕಾರ್ಖಾನೆಯ ಪಾಳಿಗೆ ಹೋದ ಮೇಲೆ ನಾವಿಬ್ಬರೂ ಹಿಂದಿನ ದಿನದ ರೊಟ್ಟಿ ಮುರಿದುಕೊಂಡು ಎರಡನೆಯ ಚಹಾ ಕುಡಿಯುತ್ತಿದ್ದೆವಲ್ಲ, ನೀವು ಹುಮನಾಬಾದಿನ ನಿಮ್ಮ ತವರಿನ ಸುದ್ದಿ ಹೇಳುತ್ತಿದ್ದಿರಿ, ಹೇಳಿದ್ದನ್ನೇ ಹೇಳುತ್ತಿದ್ದಿರಿ. ಆಗ ಒಮ್ಮೊಮ್ಮೆ ಬೇಸರವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಈಗ ಒಬ್ಬಳೇ ಚಹಾ ಕುಡಿಯುವಾಗ ಅದೇ ಮಾತುಗಳನ್ನು ನೆನಪಿಸಿಕೊಳ್ಳುತ್ತೇನೆ. ನಡುನಡುವೆ ಕೆಲವು ಬಿಟ್ಟುಹೋಗಿವೆ.

ಈಗ ಸುದ್ದಿ. ಡಿಸೆಂಬರಿನಲ್ಲಿ ವಿನಯನ ಮೆಸೇಜು ಬಂತು. ತಂಗಿ ಪ್ರಿಯಾಳ ಲಗ್ನ ಅಕ್ಷಯ ತೃತೀಯಕ್ಕೆ ಗೊತ್ತಾಗಿದೆ, ಅವ್ವ ತನ್ನ ಮಾಣಿಕದ ಉಂಗುರ ಕೇಳುತ್ತಿದ್ದಾಳೆ, ಹೊಳ್ಳಿ ಕಳಿಸು ಎಂದು ಬರೆದಿದ್ದ. ಓದಿ ಆ ದಿನ ನನಗೆ ಊಟ ಸೇರಲಿಲ್ಲ. ಉಂಗುರದ ಆಸೆಯಿಂದ ಅಲ್ಲ ಅತ್ತಿ. ಎರಡೂ ಕಡೆಯ ಬಂಗಾರ ಹಿಂತಿರುಗಿಸಿದ ದಿನ ನಾನು ಅದನ್ನೂ ಡಬ್ಬಿಗೆ ಹಾಕಿದ್ದೆ. ಎಲ್ಲರೆದುರು ನೀವು ತೆಗೆದು ಮತ್ತೆ ನನ್ನ ಬೆರಳಿಗೆ ತೊಡಿಸಿದಿರಿ. “ಇದು ಈ ಮನಿದಲ್ಲ. ನಮ್ಮಪ್ಪ ನನಗ ಕೊಟ್ಟಿದ್ದು, ನಾ ನಿನಗ ಕೊಟ್ಟೀನಿ. ಕೋರ್ಟಿನ ಕಾಗದ ಇದಕ್ಕ ಹತ್ತಂಗಿಲ್ಲ” ಎಂದಿರಿ. ಹಾಗೆ ಹೇಳಿದ ನೀವೇ ಈಗ ಕೇಳಿದಿರೋ, ಅವನೇ ನಿಮ್ಮ ಹೆಸರು ಹೇಳಿದನೋ, ನನಗೆ ತಿಳಿಯಲಿಲ್ಲ. ಯಾರೇ ಕೇಳಿರಲಿ, ಪ್ರಿಯಾಳ ಲಗ್ನವೆಂದ ಮೇಲೆ ನಾನು ಇಟ್ಟುಕೊಳ್ಳುವುದು ಸರಿಯಲ್ಲ.

ಕೊಡುವ ಮುಂಚೆ ಅದು ಏನು ಎಂಬುದನ್ನು ಬರೆಸಿಡಬೇಕು, ಆಮೇಲೆ ಕಲ್ಲು ಬದಲಿಸಿದಳು ಎಂಬ ಮಾತು ಬರಬಾರದು ಎಂದು ಗುಲಮಂಡಿಯ ಹತ್ತಿರ ಹರಳು ಪರೀಕ್ಷೆ ಮಾಡುವ ವಸಂತಿ ಎಂಬುವವರ ಕಡೆ ಒಯ್ದೆ. ವಯಸ್ಸಾದ ಹೆಂಗಸು, ಮಾತು ಕಡಿಮೆ. ಬಹಳ ಹೊತ್ತು ನೋಡಿ, ಇದನ್ನು ಯಾವಾಗಲಾದರೂ ಕಾಯಿಸಿದ್ದೀರಾ ಎಂದು ಕೇಳಿದರು. ನನಗೆ ತಟ್ಟನೆ ನಾವು ಹೋಗಿದ್ದ ನಾಸಿಕದ ಆ ಬಂಗಾರದ ಅಂಗಡಿ ನೆನಪಾಯಿತು. ಕಲ್ಲಿನೊಳಗೆ ಮಂಜು ಕವಿದಂತಿದೆ, ಭಟ್ಟಿಗೆ ಹಾಕಿದರೆ ತಿಳಿಯಾಗುತ್ತದೆ, ಎಲ್ಲರೂ ಮಾಡಿಸುತ್ತಾರೆ ಎಂದು ಆ ಸೇಠ ಎಷ್ಟು ಹೇಳಿದ. ನಿಮ್ಮ ನಾದಿನಿಯರೂ ಮಸುಕುಗಲ್ಲು ಎಂದು ನಕ್ಕವರೇ. ನೀವು ಮಾತ್ರ “ಬೆಂಕಿಗಿಟ್ಟು ಚಂದ ಮಾಡೋದು ಬ್ಯಾಡ, ನಮ್ಮಪ್ಪ ಕೊಟ್ಟಂಗ ಇರ್ಲಿ” ಎಂದು ಎದ್ದು ಬಂದಿರಿ. ಅದನ್ನೇ ವಸಂತಿಯವರಿಗೆ ಹೇಳಿದೆ. ಅವರು ಕುರ್ಚಿ ಸರಿಸಿ ಸೂಕ್ಷ್ಮದರ್ಶಕದಲ್ಲಿ ನನಗೇ ನೋಡಲು ಕೊಟ್ಟರು.

ಅತ್ತಿ, ಆ ಮಂಜು ಮಂಜಲ್ಲ. ಕೂದಲಿಗಿಂತ ತೆಳುವಾದ ಬಿಳಿ ಸೂಜಿಗಳು, ಒಂದನ್ನೊಂದು ಅಡ್ಡ ಹಾಯ್ದು ನೇಯ್ದಂತೆ ಹರಡಿಕೊಂಡಿವೆ. ಅದಕ್ಕೆ ರೇಷ್ಮೆ ಎನ್ನುತ್ತಾರಂತೆ. ಜೋರು ಬೆಂಕಿ ತಗುಲಿದ್ದರೆ ಸೂಜಿಗಳು ತುಂಡಾಗಿ ಚುಕ್ಕೆಗಳಾಗುತ್ತಿದ್ದವು. ಬಿರುಕಿಗೆ ಗಾಜು ತುಂಬಿದ್ದರೆ ಗುಳ್ಳೆಗಳು ಕಾಣುತ್ತಿದ್ದವು. ಎರಡೂ ಇಲ್ಲ. ದೀಪ ಆರಿಸಿ ನೀಲಿ ಬೆಳಕು ಬಿಟ್ಟಾಗ ಅದು ಕೆಂಡದ ಹಾಗೆ ಉರಿಯಿತು. ಗಟ್ಟಿ ಮಾಡಿಕೊಳ್ಳಲು ಮುಂಬಯಿಯ ದೊಡ್ಡ ಲ್ಯಾಬಿಗೂ ಕಳಿಸಿದೆವು. ಬರ್ಮಾದ ಕಲ್ಲು, ಕಾಯಿಸುವ, ತುಂಬುವ ಯಾವ ಸಂಸ್ಕಾರವನ್ನೂ ಮಾಡಿಲ್ಲ ಎಂದು ಬರೆದು ಬಂತು. ಬರ್ಮಾದಿಂದ ವಾಪಸು ಬಂದವರ ಹತ್ತಿರ ಹೈದರಾಬಾದಿನಲ್ಲಿ ನಿಮ್ಮ ಅಪ್ಪ ಕೊಂಡರೆಂಬ ಮಾತನ್ನು ಯಾರೂ ನಂಬುತ್ತಿರಲಿಲ್ಲವಲ್ಲ, ಅದು ನಿಜ. ಬೆಂಕಿ ಕಾಣದ ಕಲ್ಲು ಅಪರೂಪವಂತೆ, ಕಾಯಿಸಿದ್ದರೆ ಸಿಗುತ್ತಿದ್ದ ಬೆಲೆಗಿಂತ ಈಗಿನದು ಹಲವು ಪಟ್ಟು. ವಿನಯನ ಎರಡು ವರ್ಷದ ಪಗಾರಕ್ಕೂ ಹೆಚ್ಚು. ಅಂಥ ಕಲ್ಲು ಹಾಕಿಕೊಂಡು ನಾನು ನಿಮ್ಮ ಮನೆಯಲ್ಲಿ ಪಾತ್ರೆ ತಿಕ್ಕಿದ್ದೇನೆ.

ಹೇಳದೆ ಸುಮ್ಮನೆ ಇದ್ದುಬಿಡಬಹುದಿತ್ತು. ಎರಡು ದಿನ ಆ ವಿಚಾರ ತಲೆಯಲ್ಲಿ ಸುಳಿದದ್ದೂ ಉಂಟು, ಕ್ಷಮಿಸಿರಿ. ಪ್ರಿಯಾಳಿಗೆ ಉಂಗುರದ ಜೊತೆ ಲ್ಯಾಬಿನ ಕಾಗದವನ್ನೂ ಕೊಡಿರಿ. ಅಳತೆ ಸರಿಮಾಡಿಸುವಾಗ ಕಲ್ಲು ಬಿಚ್ಚಿಸಿಯೇ ಚಿನ್ನ ಕಾಯಿಸಬೇಕು, ಅಕ್ಕಸಾಲಿಗನ ಎದುರು ನೀವೇ ಕೂತಿರಿ. ಮತ್ತು ನಿಮ್ಮ ಅಪ್ಪ ಮೋಸ ಹೋಗಿರಲಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಒಮ್ಮೆ ಹೇಳಿರಿ.

ಮಾವನವರಿಗೆ ನನ್ನ ಶರಣಾರ್ಥಿ. ಪ್ರಿಯಾ ಹೋದ ಮನೆಯಲ್ಲಿ ನಗುತ್ತಿರಲಿ. ವಿನಯನೂ ಚೆನ್ನಾಗಿರಲಿ, ಇದು ಬಾಯಿಮಾತಿಗೆ ಬರೆದದ್ದಲ್ಲ.

ನಿಮ್ಮ
ಭಾಗ್ಯಶ್ರೀ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಹೋದ ರವಿವಾರ ಉಂಗುರ ಕೊಡಲೆಂದೇ ನಾಸಿಕಕ್ಕೆ ಬಂದಿದ್ದೆ. ಸಾತಪುರದ ಭಾಜಿ ಮಾರ್ಕೆಟ್ಟಿನಲ್ಲಿ ನಿಮ್ಮನ್ನು ಕಂಡೆ. ಎಡಗಾಲು ಎಳೆಯುತ್ತಿದ್ದಿರಿ, ತುಂಬಿದ ಚೀಲವನ್ನು ಕೈಯಿಂದ ಕೈಗೆ ಬದಲಿಸುತ್ತ ಎರಡು ಕಡೆ ನಿಂತಿರಿ. ಮನೆಯ ತಿರುವಿನ ತನಕ ಹಿಂದೆಯೇ ಬಂದೆ, ಧೈರ್ಯ ಸಾಲದೆ ಬಸ್ಸು ಹತ್ತಿದೆ. ಕಾಲಿಗೆ ಏನಾಗಿದೆ? ಯಾರೂ ನನಗೆ ಹೇಳಲಿಲ್ಲ. ಇದೇ ೨೩ರ ರವಿವಾರ ಹತ್ತು ಗಂಟೆಗೆ ಉಂಗುರ ಹಿಡಿದು ಮತ್ತೆ ಅಲ್ಲಿಗೇ ಬರುತ್ತೇನೆ, ಮೆಂತ್ಯೆ ಮಾರುವವಳ ಹತ್ತಿರ ನಿಂತಿರುತ್ತೇನೆ. ಉಂಗುರ ನೀವು ಕೇಳಿರದಿದ್ದರೂ ಬನ್ನಿರಿ. ಚೀಲ ನಾನು ಹಿಡಿಯುತ್ತೇನೆ.